ಈ ತಿಂಗಳು ಏನೂ ಓದಿಲ್ಲ

ಸುಪ್ರೀತಾ ಆ ಕಾದಂಬರಿಯನ್ನು ಕೈಗೆತ್ತಿಕೊಂಡು ಐದು ತಿಂಗಳಾಗಿತ್ತು. ಅರವತ್ತೆರಡನೆಯ ಪುಟದವರೆಗೆ ಬಂದವಳು ಅಲ್ಲಿಂದ ಮುಂದಕ್ಕೆ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಪುಸ್ತಕದ್ದೇನೂ ತಪ್ಪಿಲ್ಲ. ಕುರಿಚಿಯ ಎರಕದ ಕಾರ್ಖಾನೆಯೊಂದರಲ್ಲಿ ಪಂಪಿನ ಬಿಡಿಭಾಗಗಳನ್ನು ಪರೀಕ್ಷಿಸುವುದು ಅವಳ ಕೆಲಸ. ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗೆ ಕಬ್ಬಿಣದ ಮೈಯಲ್ಲಿ ಕೂದಲೆಳೆಯಂಥ ಬಿರುಕು, ಸಾಸಿವೆಯಷ್ಟು ಗುಳಿ ಎಲ್ಲಿದೆಯೆಂದು ಹುಡುಕಬೇಕು. ಜೊತೆಗಿದ್ದ ಹಿರಿಯ ಶಕ್ತಿವೇಲ್ ಕೆಲಸ ಬಿಟ್ಟು ಹೋದ ಮೇಲೆ ಆ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಎರಡಾಳಿನ ಕೆಲಸ ಅವಳೊಬ್ಬಳ ತಲೆಗೆ ಬಿತ್ತು. ಮನೆಗೆ ಬಂದರೆ ಏಳು ವರ್ಷದ ಮಗಳು ಪ್ರಕೃತಿಯ ಹೋಂವರ್ಕು, ಅಡಿಗೆ, ನಾಳೆಯ ಯೂನಿಫಾರಂ. ಗಂಡ ಯಶ್ವಂತ್ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿದ್ದ. ಅವನು ರೈಲಿಳಿದು ಮನೆ ಸೇರುವಷ್ಟರಲ್ಲಿ ಮಗು ಮಲಗಿಬಿಟ್ಟಿರುತ್ತಿತ್ತು. ಪಾತ್ರೆ ತೊಳೆದಿಟ್ಟು ಪುಸ್ತಕ ತೆರೆದರೆ ಅವಳ ಕಣ್ಣು ಅಕ್ಷರಗಳಲ್ಲೂ ಬಿರುಕನ್ನೇ ಹುಡುಕುತ್ತಿತ್ತು. ಒಂದೇ ಸಾಲನ್ನು ನಾಲ್ಕು ಸಲ ಓದಿ, ಐದನೆಯ ಸಲಕ್ಕೆ ಪುಸ್ತಕ ಎದೆಯ ಮೇಲೆ ಬೋರಲು ಬಿದ್ದಿರುತ್ತಿತ್ತು.

ಆದರೂ ತಿಂಗಳ ಮೂರನೆಯ ಭಾನುವಾರ ಅವಳು ಎರಡು ಬಸ್ಸು ಬದಲಾಯಿಸಿ ವಡವಳ್ಳಿಗೆ ಹೋಗುತ್ತಿದ್ದಳು. ಅಲ್ಲಿಂದ ತೊಂಡಾಮುತ್ತೂರಿನ ಕಡೆ ಹೋಗುವ ರಸ್ತೆಯಲ್ಲಿ ದೇವರಾಜನ್ ಅವರ ಮೋಟಾರು, ಪೈಪಿನ ಅಂಗಡಿ. ಅದರ ಮಹಡಿಯ ಕೋಣೆಯಲ್ಲಿ, ಸುರುಳಿ ಸುತ್ತಿಟ್ಟ ಹನಿ ನೀರಾವರಿ ಪೈಪುಗಳ ನಡುವೆ, ಕನ್ನಡ ಓದುವವರು ಏಳೆಂಟು ಮಂದಿ ಸೇರುತ್ತಿದ್ದರು. ಭಾಷಣವಿಲ್ಲ, ಸನ್ಮಾನವಿಲ್ಲ. ಇದ್ದದ್ದು ಒಂದೇ ಪ್ರಶ್ನೆ: ಈಗ ಏನು ಓದ್ತಾ ಇದೀರಿ? ಒಬ್ಬೊಬ್ಬರೂ ಹೇಳಬೇಕು, ಉಳಿದವರು ಕೇಳಬೇಕು. ಮೊದಲ ಎರಡು ವರ್ಷ ಆ ದಿನಕ್ಕಾಗಿ ಸುಪ್ರೀತಾ ಕಾಯುತ್ತಿದ್ದಳು. ಈಗ ಗುರುವಾರದಿಂದಲೇ ಅವಳಿಗೆ ಆ ಭಾನುವಾರ ಬಾರದಿದ್ದರೆ ಸಾಕು ಅನಿಸುತ್ತಿತ್ತು. ಯಾಕೆಂದರೆ ನಾಲ್ಕು ತಿಂಗಳಿಂದ ಅವಳು ಹೇಳುತ್ತಿದ್ದುದೆಲ್ಲ ಸುಳ್ಳು. ಬಸ್ಸಿನಲ್ಲಿ ಕೂತು, ಯಾರೋ ಯಾವುದೋ ಪುಸ್ತಕದ ಬಗ್ಗೆ ಬರೆದದ್ದನ್ನು ಫೋನಿನಲ್ಲಿ ಓದಿಕೊಂಡು, ಅದನ್ನೇ ತಾನು ಓದಿದಂತೆ ಒಪ್ಪಿಸಿಬರುತ್ತಿದ್ದಳು.

ಈ ಕೂಟವನ್ನು ಶುರು ಮಾಡಿದವರು ಗಿರಿಜಮ್ಮ. ಮಂಡ್ಯದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿ, ನಿವೃತ್ತಿಯಾದ ಮೇಲೆ ವಡವಳ್ಳಿಯ ತಂಗಿಯ ಮನೆಗೆ ಬಂದು ನೆಲೆಸಿದವರು. ಎಪ್ಪತ್ತು ಹತ್ತಿರವಾದರೂ ಬೆನ್ನು ಬಾಗಿರಲಿಲ್ಲ. ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು, ತೆರೆಯದೆಯೇ, ಅದರ ಮೇಲೆ ಅಂಗೈಯೂರಿ ಅವರು ಕಥೆ ಹೇಳುವುದಕ್ಕೆ ಶುರು ಮಾಡಿದರೆ ಕೆಳಗೆ ಅಂಗಡಿಯಲ್ಲಿ ಗಿರಾಕಿ ಬಂದು ಕೂಗಿದರೂ ದೇವರಾಜನ್ ಏಳುತ್ತಿರಲಿಲ್ಲ.

ದೇವರಾಜನ್ ಅವರ ಮನೆಮಂದಿ ಏಳೆಂಟು ತಲೆಮಾರಿನ ಹಿಂದೆ ಘಟ್ಟದ ಮೇಲಿನಿಂದ ಇಳಿದು ಬಂದು ಇಲ್ಲಿ ಬೇಸಾಯಕ್ಕೆ ನಿಂತವರು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತಮಿಳು. ಕನ್ನಡದ ಒಂದಕ್ಷರವನ್ನೂ ಅವರು ಓದಲಾರರು. ಮೊದಲ ಸಭೆಯಲ್ಲೇ ಹೇಳಿದ್ದರು: "ನಂಗೆ ಕನ್ನಡ ಬಾಯಲ್ಲಿದೆ, ಕಣ್ಣಲ್ಲಿ ಇಲ್ಲೆ. ನೀವೆಲ್ಲ ಸೊಲ್ಲಿ, ನಾನು ಕೇಳ್ಕತೀನಿ." ಕೇಳಿದ್ದನ್ನು ಅವರು ಮನೆಗೆ ಒಯ್ದು ತಾಯಿ ಪಳನಿಯಮ್ಮಾಳ್‌ಗೆ ಹೇಳುತ್ತಿದ್ದರು. ಆ ಮುದುಕಿಗೆ ತೊಂಬತ್ತರ ಹತ್ತಿರ. ಭಾನುವಾರ ಸಂಜೆ ಮಗ ಮನೆಯ ಮೆಟ್ಟಿಲು ಹತ್ತುವುದೇ ತಡ, "ಏನ್ ಕದೆ ತಂದೆ?" ಎಂದು ಕೇಳುತ್ತಿದ್ದಳಂತೆ.

ಆ ಭಾನುವಾರ ಗಿರಿಜಮ್ಮ ಹೇಳಿದ್ದು ಇಬ್ಬರು ಅಕ್ಕತಂಗಿಯರ ಕಥೆ. ಅಪ್ಪ ಸತ್ತ ಮೇಲೆ ಜಮೀನು ಹಂಚಿಕೆಯಾಯಿತು. ಬಾವಿ ಮಾತ್ರ ಒಂದೇ. ಇಬ್ಬರೂ ಮಾತು ಬಿಟ್ಟರು. ಕೊನೆಗೆ ಅಕ್ಕ ಬಾವಿಯ ನಡುವೆಯೇ ಗೋಡೆ ಎಬ್ಬಿಸಿದಳು. ಗೋಡೆಯ ಎರಡು ಕಡೆಯಿಂದಲೂ ಹಗ್ಗ ಇಳಿಯುತ್ತದೆ, ಕೆಳಗಿರುವುದು ಅದೇ ನೀರು. ಒಂದು ಬೆಳಗ್ಗೆ ತಂಗಿಯ ಕೊಡ ಕೆಳಗೆ ತಾಗಿದ ಸದ್ದು ಅಕ್ಕನಿಗೆ ಕೇಳಿಸುವುದಿಲ್ಲ. ಮರುದಿನವೂ ಕೇಳಿಸುವುದಿಲ್ಲ.

"ಇನ್ನೂ ಅರ್ಧ ಉಳಿದಿದೆ," ಎಂದು ಗಿರಿಜಮ್ಮ ನಿಲ್ಲಿಸಿದರು. "ಓದಿ ಮುಗಿಸಿ ಮುಂದಿನ ಸಲ ಹೇಳ್ತೀನಿ."

ಆಮೇಲೆ ಕೃಷಿ ಓದುತ್ತಿದ್ದ ನಿಶಾಂತ್ ತಾನು ಒಂದೇ ವಾರದಲ್ಲಿ ಮುಗಿಸಿದ ಎರಡು ಪುಸ್ತಕಗಳ ಬಗ್ಗೆ ಹೇಳಿದ. ಮದುಕ್ಕರೈ ಕಡೆಯಿಂದ ಬರುವ ಪ್ರಕಾಶ, ಯಾವತ್ತಿನಂತೆ, ಪ್ರವಾಸ ಕಥನವೊಂದರ ಬಗ್ಗೆ ಹೇಳಿ ಅದರಲ್ಲಿನ ಊಟದ ವರ್ಣನೆಗೇ ಅರ್ಧ ಹೊತ್ತು ತೆಗೆದುಕೊಂಡರು. ಸುಪ್ರೀತಾಳ ಸರದಿ ಬಂತು. ಬಸ್ಸಿನಲ್ಲಿ ಸಿದ್ಧ ಮಾಡಿಕೊಂಡದ್ದೆಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಬಾಯಿ ತೆರೆದಳು. ಹಿಂದಿನ ದಿನ ಹನ್ನೆರಡು ಗಂಟೆ ನಿಂತೇ ಕೆಲಸ ಮಾಡಿದ್ದಳು. ಸುಳ್ಳು ಹೇಳುವುದಕ್ಕೂ ಒಂದಿಷ್ಟು ತ್ರಾಣ ಬೇಕು, ಅಷ್ಟು ಅವಳಲ್ಲಿ ಇರಲಿಲ್ಲ.

"ಈ ತಿಂಗಳು ಏನೂ ಓದಿಲ್ಲ," ಎಂದಳು. ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಅವಳು ಬಿಡಲಿಲ್ಲ. "ಹೋದ ತಿಂಗಳೂ ಓದಿರಲಿಲ್ಲ. ನಾಲ್ಕು ತಿಂಗಳಿಂದ ಓದಿಲ್ಲ. ನಾನು ಇಲ್ಲಿ ಹೇಳಿದ್ದೆಲ್ಲ ಫೋನಲ್ಲಿ ನೋಡ್ಕೊಂಡು ಬಂದಿದ್ದು. ಕ್ಷಮಿಸಿ."

ಪ್ರಕಾಶ ಕೆಮ್ಮಿ, "ಅಯ್ಯೋ, ಕೆಲಸದ ನಡುವೆ ಎಲ್ಲರಿಗೂ ಆಗೋದೇ ಬಿಡಿ," ಎಂದರು. ಆದರೆ ಗಿರಿಜಮ್ಮನ ಮುಖ ಬಿಗಿದುಕೊಂಡಿತು.

"ಓದದೇ ಓದಿದೀನಿ ಅನ್ನೋರಿಗೆ ಇಲ್ಲೇನಮ್ಮ ಕೆಲಸ?" ಎಂದು ಅವರು ಕೇಳಿದರು. ದನಿ ಏರಿರಲಿಲ್ಲ, ಅದಕ್ಕೇ ಹೆಚ್ಚು ನಾಟಿತು. "ನಮ್ಮನ್ನೆಲ್ಲ ಕೂರಿಸಿಕೊಂಡು ಆಟ ಆಡಿದ ಹಾಗಾಯ್ತಲ್ಲ. ಓದೋಕೆ ಆಗದಿದ್ರೆ ಮನೇಲಿರಬೇಕು."

ಪುಸ್ತಕವನ್ನು ಚೀಲಕ್ಕೆ ತುರುಕಿ ಎದ್ದುಬಿಟ್ಟರು. ಬಾಗಿಲ ಬಳಿ ಪೈಪಿನ ಸುರುಳಿಗೆ ಕಾಲು ತಾಗಿ ಮುಗ್ಗರಿಸಿದರು. ದೇವರಾಜನ್ ಹೋಗಿ ಕೈ ಹಿಡಿದು ಮೆಟ್ಟಿಲಿಳಿಸಿ, ಆಟೋ ಹತ್ತಿಸಿ ಬಂದರು. ಸಭೆ ಅಷ್ಟಕ್ಕೇ ಮುಗಿಯಿತು. ಸುಪ್ರೀತಾ ಮನೆಗೆ ಬಂದು ಮಗಳಿಗೆ ದೋಸೆ ಹುಯ್ದು ಕೊಟ್ಟಳು. ಅಮ್ಮ ಯಾಕೆ ಮಾತಾಡುತ್ತಿಲ್ಲವೆಂದು ಪ್ರಕೃತಿ ಎರಡು ಸಲ ಕೇಳಿದಳು.

ತಿಂಗಳು ಕಳೆಯಿತು. ಗುಂಪಿನ ವಾಟ್ಸಾಪಿನಲ್ಲಿ ವಾರಕ್ಕೆರಡು ಸಲವಾದರೂ ಬರುತ್ತಿದ್ದ ಗಿರಿಜಮ್ಮನ ದನಿ ಸಂದೇಶ ಒಂದು ಸಲವೂ ಬರಲಿಲ್ಲ. ಕ್ಷಮೆ ಕೇಳಿ ಸುಪ್ರೀತಾ ಬರೆದ ಸಂದೇಶಕ್ಕೆ ಉತ್ತರವಿರಲಿಲ್ಲ. ಅವರೆದುರಿಗೇ ಕೇಳೋಣವೆಂದು ಮುಂದಿನ ಮೂರನೆಯ ಭಾನುವಾರ ಅರ್ಧ ಗಂಟೆ ಮೊದಲೇ ಹೋಗಿ ಕಾದಳು. ಪ್ರಕಾಶ ಬಂದರು, ನಿಶಾಂತ್ ಬಂದ. ಗಿರಿಜಮ್ಮ ಬರಲಿಲ್ಲ. ನಾಲ್ವರು ಕೂತು ಏನೋ ಒಂದಷ್ಟು ಮಾತಾಡಿ, ಐದೂವರೆಗೆಲ್ಲ ಎದ್ದರು.

ಸುಪ್ರೀತಾ ಚಪ್ಪಲಿ ಮೆಟ್ಟಿಕೊಳ್ಳುತ್ತಿರುವಾಗ ದೇವರಾಜನ್ ಕರೆದರು. "ಅಮ್ಮಣಿ, ಒಂದು ನಿಮಿಷ ಕೂತ್ಕೊ. ಟೀ ಸೊಲ್ಲಿದೀನಿ."

ಅವಳು ಕೂತಳು. ಟೀ ಲೋಟ ಕೈಗೆ ಬಂದ ಮೇಲೆ ಅವರು ಕೇಳಿದರು: "ಟೀಚರಮ್ಮನ ಮನೆ ಗೊತ್ತಾ ನಿಂಗೆ?"

"ಗೊತ್ತಿಲ್ಲ ದೇವರಾಜಣ್ಣ. ಅವರು ನನ್ನ ಮುಖ ನೋಡಲ್ಲ ಈಗ."

"ಅವರ ಕೋಪ ನಿನ್ನ ಮೇಲೆ ಇಲ್ಲೆ ಅಮ್ಮಣಿ." ಅವರು ಲೋಟವನ್ನು ಕೆಳಗಿಟ್ಟರು. "ನಾನು ಇದನ್ನ ಯಾರ ಹತ್ರಾನೂ ಸೊಲ್ಲಬಾರದು ಅಂತ ಇದ್ದೆ. ಆ ಬಾವಿ ಕದೆ ಇತ್ತಲ್ಲ, ಅಕ್ಕ ತಂಗಿ ಕದೆ. ಅವತ್ತು ಮನೆಗೆ ಹೋಗಿ ನಮ್ಮಮ್ಮಂಗೆ ಸೊಲ್ಲಕ್ಕೆ ಶುರು ಮಾಡ್ದೆ. ಬಾವಿಗೆ ಗೋಡೆ ಅಂದೆ ನೋಡು, ಅಮ್ಮ ತಡೆದ್ಲು. 'ಇದು ಹಳೇ ಕದೆ ಕಣೋ. ಆಮೇಲೆ ತಂಗಿ ಮಗಳು ಅಲ್ವಾ ಗೋಡೇಲಿ ಒಂದು ಕಲ್ಲು ಕೀಳೋದು. ಮೂರು ವರ್ಷ ಆತು, ನೀನೇ ಸೊಲ್ಲಿದ್ದೆ' ಅಂದ್ಲು. ಯೋಚನೆ ಮಾಡಿ ನೋಡ್ದೆ. ಆಮಾ, ಸರಿ. ಟೀಚರಮ್ಮ ಮುಂಚೇನೇ ಸೊಲ್ಲಿದಾರೆ. ಅಷ್ಟೇ ಅಲ್ಲೆ. ಒಂದು ವರ್ಷದಿಂದ ಸೊಲ್ಲಿದ್ದೆಲ್ಲ ಹಳೇದೇ. ಹೊಸಬರಿಗೆ ತಿಳೀಲಿಲ್ಲ. ನೀನು ಆಗ ಕೂಟಕ್ಕೆ ಬಂದಿರಲಿಲ್ಲೆ."

ಸುಪ್ರೀತಾಳಿಗೆ ತಕ್ಷಣ ಅರ್ಥವಾಗಲಿಲ್ಲ. "ಮರೆವಾ ಅವರಿಗೆ?"

"ಮರೆವಿಲ್ಲೆ. ಅಷ್ಟು ಚೆನ್ನಾಗಿ ಸೊಲ್ಲೋರಿಗೆ ಮರೆವೆಲ್ಲಿ ಬಂತು. ಅವತ್ತು ಮೆಟ್ಟಿಲಿಳಿಸೋವಾಗ ನನ್ನ ಕೈನ ಎಷ್ಟು ಗಟ್ಟಿ ಹಿಡ್ಕೊಂಡ್ರು ಗೊತ್ತಾ? ಕಣ್ಣು ಕಾಣ್ತಾ ಇಲ್ಲೆ ಅಂತ ನನ್ನ ಎಣಿಕೆ. ಪಾವಂ. ನೀನು ಓದಿಲ್ಲ ಅಂತ ಸೊಲ್ಲಿದ್ದು ಅವರಿಗೆ ಸುಟ್ಟಿರುತ್ತೆ." ಅವರು ಅಂಗಡಿಯ ಬಿಲ್ಲಿನ ಹಿಂದೆ ತಮಿಳಿನಲ್ಲಿ ವಿಳಾಸ ಬರೆದುಕೊಟ್ಟರು. "ನಾನು ಸೊಲ್ಲಿದ್ದು ಅಂತ ಬೇಡ. ಸುಮ್ಮನೆ ನೋಡಿ ಬರೋಕೆ ಹೋದ ಹಾಗೆ ಹೋಗು."

ಹೋಗಬೇಕೋ ಬೇಡವೋ ಎಂದು ಸುಪ್ರೀತಾ ಒಂದು ವಾರ ಹಿಂದೆಮುಂದೆ ನೋಡಿದಳು. ಮುಂದಿನ ಭಾನುವಾರ ಬೆಳಗ್ಗೆ ಯಶ್ವಂತನ ಕೈಗೆ ಮಗಳನ್ನೊಪ್ಪಿಸಿ, ಒಂದು ಡಜನ್ ಬಾಳೆಹಣ್ಣು ಹಿಡಿದು ಹೊರಟಳು. ಬಾಗಿಲು ತೆಗೆದದ್ದು ಗಿರಿಜಮ್ಮನ ತಂಗಿ. ಓದುಗರ ಕೂಟದವಳೆಂದು ಹೇಳಿದ್ದೇ ತಡ, "ಒಳ್ಳೇದಾಯ್ತು ಬಾಮ್ಮ. ಅಕ್ಕಂಗೆ ಮೊನ್ನೆ ಕಣ್ಣಿಗೆ ಮತ್ತೆ ಇಂಜೆಕ್ಷನ್ ಆಯ್ತು. ಮೂರನೇದು. ಯಾರಾದ್ರೂ ಬಂದ್ರೆ ಮಾತಾಡ್ತಾಳೆ, ಇಲ್ಲಾಂದ್ರೆ ಗೋಡೆ ಕಡೆ ತಿರುಗಿ ಕೂತಿರ್ತಾಳೆ," ಎಂದು ಒಳಗೆ ಕರೆದುಕೊಂಡು ಹೋದಳು.

ಗಿರಿಜಮ್ಮ ಕಿಟಕಿಯ ಪಕ್ಕ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಮೂರು ಗೋಡೆಗೂ ಪುಸ್ತಕ. ತಂಗಿ ಹೆಸರು ಹೇಳಿದಾಗ ಅವರು ತಲೆಯನ್ನು ಸ್ವಲ್ಪ ಓರೆ ಮಾಡಿ, ಸುಪ್ರೀತಾಳ ಭುಜದಾಚೆ ಯಾರನ್ನೋ ನೋಡುವಂತೆ ನೋಡಿದರು.

"ಗೊತ್ತಾಗಿ ಬಂದೆಯೋ, ಗೊತ್ತಾಗದೆ ಬಂದೆಯೋ?" ಎಂದು ಕೇಳಿದರು.

"ಗೊತ್ತಾಗಿಯೇ ಬಂದೆ ಅಮ್ಮ."

"ಸರಿ, ಕೂತ್ಕೋ." ಅವರೇ ಮುಂದುವರಿಸಿದರು. "ನಡುವಿನಲ್ಲಿ ಕಪ್ಪು. ಸುತ್ತಲೂ ಕಾಣತ್ತೆ. ನಿನ್ನ ಕಡೆ ತಿರುಗಿದ್ರೆ ಕಿವಿ ಓಲೆ ಕಾಣತ್ತೆ, ಮೂಗಿಲ್ಲ, ಬಾಯಿಲ್ಲ. ಪುಸ್ತಕ ಹಿಡಿದ್ರೆ ಸಾಲಿನ ಮೊದಲನೇ ಪದ ಇದೆ, ಕೊನೇದಿದೆ, ಮಧ್ಯೆ ಯಾರೋ ಹೆಬ್ಬೆರಳು ಒತ್ತಿ ಹಿಡಿದ ಹಾಗೆ. ಒಂದು ವರ್ಷವಾಯ್ತು. ಮೊದಲು ಭೂತಗನ್ನಡಿ ಹಿಡಿದು ಓದಿದೆ, ದಿನಕ್ಕೆ ಎರಡು ಪುಟ. ಆಮೇಲೆ ಅದೂ ಆಗಲಿಲ್ಲ."

"ಹೇಳಬಹುದಿತ್ತು ನಮಗೆ."

"ಏನಂತ ಹೇಳಲಿ? ಈಗ ಏನು ಓದ್ತಾ ಇದೀರಿ ಅಂತ ಕೇಳೋಳೇ ನಾನು. ಏನೂ ಇಲ್ಲ ಅನ್ನಲಾ?" ಅವರು ಸೆರಗಿನಿಂದ ಕಣ್ಣಿನ ತುದಿ ಒರೆಸಿಕೊಂಡರು, ಅದು ಔಷಧಿಯ ನೀರೋ ಇನ್ನೇನೋ, ಸುಪ್ರೀತಾಳಿಗೆ ತಿಳಿಯಲಿಲ್ಲ. "ಮೂವತ್ತು ವರ್ಷದ ಹಿಂದೆ ಓದಿದ್ದನ್ನ ನಿನ್ನೆ ಓದಿದ ಹಾಗೆ ಹೇಳ್ತಾ ಬಂದೆ. ನೀನು ಎಲ್ಲರ ಎದುರಿಗೆ ಒಪ್ಪಿಕೊಂಡುಬಿಟ್ಟೆಯಲ್ಲ, ನನಗೆ ಕಪಾಳಕ್ಕೆ ಬಿಗಿದ ಹಾಗಾಯ್ತು. ಚಿಕ್ಕ ಹುಡುಗಿ ಹೇಳಿದ್ದನ್ನ ನಾನು ಹೇಳಲಿಲ್ಲ. ಅದಕ್ಕೆ ನಿನ್ನ ಮೇಲೇ ಹರಿಹಾಯ್ದೆ. ಮನಸ್ಸಿಗೆ ತಗೋಬೇಡ."

"ನನ್ನದು ಬೇರೆ ಅಮ್ಮ. ನನಗೆ ಕಣ್ಣಿದೆ, ಆದರೂ ಓದೋಕಾಗ್ತಿಲ್ಲ. ಅದಕ್ಕೆ ಇನ್ನೂ ನಾಚಿಕೆ."

"ಯಾಕಾಗ್ತಿಲ್ಲ?"

ಸುಪ್ರೀತಾ ಹೇಳಿದಳು. ಶಕ್ತಿವೇಲ್ ಬಿಟ್ಟುಹೋದದ್ದು, ದಿನಕ್ಕೆ ಮುನ್ನೂರು ಬಿಡಿಭಾಗ ತಿರುಗಿಸಿ ನೋಡುವುದು, ಮಗಳ ಜೊತೆ ಕೂತಾಗಲೂ ಅವಳ ಹಲ್ಲಿನಲ್ಲಿ ಬಿರುಕು ಹುಡುಕುವಂತಾಗಿರುವುದು, ಯಶ್ವಂತನ ಜೊತೆ ಒಂದು ಪೂರ್ತಿ ಮಾತಾಡಿ ಎಷ್ಟು ದಿನವಾಯಿತೆಂದು ಲೆಕ್ಕ ಸಿಗದಿರುವುದು. ಇದನ್ನೆಲ್ಲ ಅವಳು ಇಷ್ಟು ಉದ್ದಕ್ಕೆ ಯಾರಿಗೂ ಹೇಳಿರಲಿಲ್ಲ. ಗಿರಿಜಮ್ಮ ಅಡ್ಡ ಬಾಯಿ ಹಾಕದೆ ಕೇಳಿದರು.

ಕೊನೆಗೆ ಅವರು ಎದ್ದು, ಕೈಯಾಡಿಸಿ, ಕಪಾಟಿನ ಕೆಳಗಿನ ಸಾಲಿನಿಂದ ಒಂದು ಪುಸ್ತಕ ತೆಗೆದರು. ಅಂಗಡಿಯ ಪ್ಲಾಸ್ಟಿಕ್ ಹೊದಿಕೆ ಇನ್ನೂ ಹರಿದಿರಲಿಲ್ಲ. "ಹೋದ ದೀಪಾವಳಿಯಲ್ಲಿ ತರಿಸಿದ್ದು. ಫೋನು ಓದಿ ಹೇಳತ್ತೆ ಅಂತ ತಂಗಿಯ ಮೊಮ್ಮಗ ಹಾಕಿಕೊಟ್ಟಿದ್ದ. ಅದು ಅಕ್ಷರವನ್ನೇನೋ ಸರಿಯಾಗೇ ಹೇಳತ್ತೆ, ಎಲ್ಲಿ ಉಸಿರು ತಗೋಬೇಕು ಅಂತ ಗೊತ್ತಾಗಲ್ಲ. ನೀನು ಒಂದೆರಡು ಪುಟ ಓದ್ತೀಯಾ? ಆಗದಿದ್ರೆ ಬೇಡ."

ಸುಪ್ರೀತಾ ಹೊದಿಕೆ ಹರಿದು ಓದತೊಡಗಿದಳು. ಮುಚ್ಚಿಹೋದ ರೈಲು ನಿಲ್ದಾಣವೊಂದಕ್ಕೆ ವಾಸಕ್ಕೆ ಬಂದ ನಿವೃತ್ತ ಗಾರ್ಡ್‌ನ ಕಥೆ ಅದು. ಹಳಿ ಕಿತ್ತು ಒಯ್ದಾಗಿದೆ. ಆದರೂ ದಿನಾ ಬೆಳಗ್ಗೆ ಒಬ್ಬ ಹೆಂಗಸು ಗಂಟು ಹೊತ್ತು ಬಂದು, ಗಾಡಿ ಎಷ್ಟು ಹೊತ್ತಿಗೆ ಎಂದು ಕೇಳುತ್ತಾಳೆ. ಮೊದಲ ಪುಟದಲ್ಲಿ ಸುಪ್ರೀತಾಳ ದನಿ ತಡವರಿಸಿತು. ಗಿರಿಜಮ್ಮ ಎರಡು ಕಡೆ ತಿದ್ದಿದರು. ಮೂರನೆಯ ಪುಟಕ್ಕೆ ದನಿ ತನ್ನ ನಡೆಗೆ ಬಂತು. ಆರನೆಯ ಪುಟದಲ್ಲಿ ಗಾರ್ಡ್ ಲಾಟೀನು ಒರೆಸುತ್ತಿದ್ದ. ಆಮೇಲಿನದು ಅವಳಿಗೆ ನೆನಪಿಲ್ಲ.

ಎಚ್ಚರವಾದಾಗ ಕುತ್ತಿಗೆ ನೋಯುತ್ತಿತ್ತು. ಮೇಲೆ ಯಾರೋ ಶಾಲು ಹೊದಿಸಿದ್ದರು. ಪುಸ್ತಕ ಗಿರಿಜಮ್ಮನ ಮಡಿಲಲ್ಲಿತ್ತು. ಪುಟ ತಪ್ಪದಿರಲೆಂದು ಬೆರಳು ಒಳಗಿಟ್ಟುಕೊಂಡು ಅವರು ಹಾಗೆಯೇ ಕೂತಿದ್ದರು. ಹೊರಗೆ ಬಿಸಿಲು ನೆತ್ತಿಗೇರಿತ್ತು.

"ಎಷ್ಟು ಹೊತ್ತು ಮಲಗಿದೆ ಅಮ್ಮ?"

"ತಂಗಿ ಸಾರಿಗೆ ಬೇಳೆ ಹಾಕಿ, ಇಳಿಸಿ, ಒಗ್ಗರಣೆಯೂ ಆಯ್ತು."

ಸುಪ್ರೀತಾಳಿಗೆ ಎಲ್ಲಿ ಮುಖ ಮುಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಆರು ಪುಟ ಓದುವಷ್ಟರಲ್ಲಿ ಪರರ ಮನೆಯಲ್ಲಿ ನಿದ್ದೆ ಹೋಗಿದ್ದಳು. "ನನ್ನಿಂದ ಇದೂ ಆಗಲಿಲ್ಲ ನೋಡಿ," ಎಂದಳು.

"ಆರು ಪುಟ ಆಯ್ತಲ್ಲೇ. ನನಗೆ ವರ್ಷದಲ್ಲಿ ಇದೇ ಮೊದಲ ಹೊಸ ಆರು ಪುಟ." ಗಿರಿಜಮ್ಮ ಪುಸ್ತಕವನ್ನು ಅವಳ ಕೈಗೆ ಕೊಟ್ಟರು. "ತಗೊಂಡು ಹೋಗು. ಆದಾಗ ಬಾ."

"ವಾರ ವಾರ ಬರ್ತೀನಿ ಅಂತ ಮಾತು ಕೊಡೋಕಾಗಲ್ಲ ಅಮ್ಮ."

"ಮಾತು ಕೊಡಬೇಡ. ಊಟ ಮಾಡ್ಕೊಂಡು ಹೋಗು."

ಆ ತಿಂಗಳು ಸುಪ್ರೀತಾಳಿಗೆ ಮತ್ತೆ ಒಂದೇ ಸಲ ವಡವಳ್ಳಿಗೆ ಹೋಗಲಾಯಿತು. ಆದರೆ ಕಾರ್ಖಾನೆಯಲ್ಲಿ ಊಟದ ಹೊತ್ತಿಗೆ, ಡಬ್ಬಿ ಮುಗಿಸಿ, ಪರೀಕ್ಷೆಯ ಕೋಣೆಯ ಬಾಗಿಲು ಹಾಕಿಕೊಂಡು ಎರಡು ಮೂರು ಪುಟ ಫೋನಿಗೆ ಓದಿ ಗಿರಿಜಮ್ಮನಿಗೆ ಕಳಿಸತೊಡಗಿದಳು. ಹೊರಗೆ ಗ್ರೈಂಡಿಂಗಿನ ಸದ್ದು ಜೋರಾದರೆ ನಿಲ್ಲಿಸುತ್ತಿದ್ದಳು. ಕೆಲವು ದಿನ ಅದೂ ಆಗುತ್ತಿರಲಿಲ್ಲ. ಗಿರಿಜಮ್ಮ ಉತ್ತರವಾಗಿ ದನಿ ಕಳಿಸುತ್ತಿದ್ದರು. ಇಂಥ ಪದವನ್ನು ಹೀಗೆ ಒಡೆಯಬಾರದು ಎನ್ನುವರು. ಇವತ್ತು ನಿನ್ನ ದನಿ ಒಣಗಿದೆ, ನೀರು ಕುಡಿ ಎನ್ನುವರು. ಒಂದು ದಿನ ಬರೀ, "ಆ ಹೆಂಗಸಿನ ಗಂಟಿನಲ್ಲಿ ಏನಿದೆ ಅಂತ ಇವತ್ತಾದ್ರೂ ಗೊತ್ತಾಗತ್ತೆ ಅಂದ್ಕೊಂಡಿದ್ದೆ," ಎಂದಿತ್ತು.

ಮುಂದಿನ ಸಭೆಗೆ ಗಿರಿಜಮ್ಮ ತಂಗಿಯ ತೋಳು ಹಿಡಿದು ಬಂದರು. ಎಲ್ಲರೂ ಕೂತ ಮೇಲೆ, ಕೇಳುವವರೇ ಅವರಾದ್ದರಿಂದ ಯಾರೂ ಕೇಳದೆ, ತಾವೇ ಹೇಳಿದರು. ತಮಗೆ ಕಣ್ಣು ಹೋಗುತ್ತಿದೆ. ಒಂದು ವರ್ಷದಿಂದ ಹೇಳಿದ್ದೆಲ್ಲ ಹಳೆಯದು. ಸುಪ್ರೀತಾಳಿಗೆ ಎಲ್ಲರೆದುರು ಆಡಿದ ಮಾತನ್ನು ಎಲ್ಲರೆದುರೇ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದರು. ಹೇಳುವಾಗ ಅವರ ದನಿ ಪಾಠ ಹೇಳುವಷ್ಟೇ ಸ್ಥಿರವಾಗಿತ್ತು. ಮುಗಿಸಿದ ಮೇಲೆ ಮಾತ್ರ ತಂಗಿಯ ಕೈಗಾಗಿ ತಡಕಿದರು.

ನಿಶಾಂತ್ ತಾನೂ ಓದಿ ಕಳಿಸುತ್ತೇನೆಂದ. ಎರಡು ದಿನ ಕಳಿಸಿದ ಕೂಡ. ಮೇಲ್ ಗಾಡಿ ಓಡಿದ ಹಾಗೆ ಓದುತ್ತಾನೆಂದು ಗಿರಿಜಮ್ಮ ಆಮೇಲೆ ದೂರಿದರು. ಪ್ರಕಾಶ ಒಂದೂ ಕಳಿಸಲಿಲ್ಲ. ಮೂರು ಜಾತಿಯ ಉಪ್ಪಿನಕಾಯಿ ಕಳಿಸಿದರು.

"ಕದೆ ಈಗ ಎಲ್ಲಿಗೆ ಬಂತು?" ಎಂದು ಅವತ್ತಿನ ಸಭೆಯಲ್ಲೇ ದೇವರಾಜನ್ ಕೇಳಿದರು. ಆ ದನಿಗಳನ್ನೆಲ್ಲ ಸುಪ್ರೀತಾ ಅವರಿಗೂ ಕಳಿಸುತ್ತಿದ್ದಳು.

"ನಲವತ್ತೊಂದನೇ ಪುಟ," ಎಂದಳು ಸುಪ್ರೀತಾ. "ನಿಮ್ಮಮ್ಮ ಕೇಳಿದ್ರಾ?"

"ಕೇಳ್ಸಿದೆ. ನೀನು ಓದೋದು ಬೆಳ್ಳಿತಟ್ಟೇಲಿ ಇಟ್ಟ ಪುಸ್ತಕದ ಕನ್ನಡ, ಅದು ತಿಳೀಲಿಲ್ಲೆ ಅಂದ್ಲು. ಮತ್ತೆ ನಾನೇ ನಮ್ಮ ಮಾತಲ್ಲಿ ಸೊಲ್ಲಬೇಕಾತು. ಈಗ ಅವಳಿಗೆ ಆ ಗಾರ್ಡ್ ಮೇಲೆ ಬಲೇ ಕೋಪ. ಗಾಡಿ ಬರಲ್ಲ ಅಂತ ಆ ಹೆಂಗಸಿಗೆ ಯಾಕೆ ಸೊಲ್ಲಲ್ಲ ಅವನು, ಹಿಂಗೆ ದಿನಾ ಬಿಸಿಲಲ್ಲಿ ನಡೆಸ್ತಾನಲ್ಲ ಅಂತಾಳೆ."

"ಹೇಳಿದ್ರೆ ಅವಳು ಬೆಳಗ್ಗೆ ಎದ್ದು ಎಲ್ಲಿಗೆ ಹೋಗಬೇಕಂತೆ?" ಎಂದರು ಗಿರಿಜಮ್ಮ.

"ಅದನ್ನೂ ಕೇಳ್ದೆ. ನಮ್ಮನೆಗೆ ಬರಲಿ, ನಂಗೂ ಹೊತ್ತು ಹೋಗತ್ತೆ ಅಂದ್ಲು."

ಗಿರಿಜಮ್ಮ ನಕ್ಕರು. ಪ್ರಕಾಶ ಗಾರ್ಡ್‌ನ ಪರ ವಹಿಸಿದರು, ನಿಶಾಂತ್ ಹೆಂಗಸಿನ ಪರ. ಮಾತು ಏರುತ್ತ ಹೋಗಿ ಆರೂವರೆಯಾಯಿತು. ಸುಪ್ರೀತಾಳಿಗೆ ಇನ್ನೂ ಕೂರುವ ಆಸೆಯಿತ್ತು. ಆದರೆ ನಾಳೆ ಸೋಮವಾರ, ಬೆಳಗ್ಗೆ ಎಂಟಕ್ಕೆ ಹೊಸ ಲೋಡು ಬರುತ್ತದೆ. ಎದ್ದು ಎಲ್ಲರಿಗೂ ಹೇಳಿ ಹೊರಟಳು. ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ನಲವತ್ತೆರಡನೆಯ ಪುಟದಲ್ಲಿ ಏನಿರಬಹುದೆಂದು ಚೀಲದಿಂದ ಪುಸ್ತಕ ತೆಗೆದಳು. ಮೊದಲ ಸಾಲಿನಲ್ಲಿ ಹೆಂಗಸು ಗಂಟನ್ನು ಕೆಳಗಿಳಿಸಿದಳು. ಎರಡನೆಯ ಸಾಲಿನ ನಡುವೆ ಸುಪ್ರೀತಾಳ ಕಣ್ಣು ಮುಚ್ಚಿಹೋಯಿತು. ಬಸ್ಸು ಬದಲಾಯಿಸಬೇಕಾದ ಉಕ್ಕಡಂ ಬಂತೆಂದು ಕಂಡಕ್ಟರೇ ಬಂದು ಎಬ್ಬಿಸಬೇಕಾಯಿತು.